ಕರಿಕಲ್ಲು ಕಾವಲಿನಲ್ಲಿ ಕುರಿ ಸೊನ್ನೆ

ಮಧುಗಿರಿ
22-4-1983

ಅಕ್ಕ ಜುಂಜಮ್ಮನಿಗೆ ತಮ್ಮ ಮೂಡಲಗಿರಿಯಪ್ಪನ ನಮಸ್ಕಾರ.

ಗಂಗಾಧರಯ್ಯ ಮೇಷ್ಟ್ರು ಇದನ್ನು ನಿನಗೆ ಓದಿ ಹೇಳುತ್ತಾರೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಮೇಷ್ಟ್ರೇ, ದಯವಿಟ್ಟು ನಿಧಾನವಾಗಿ ಓದಿ. ನಮ್ಮಕ್ಕ ಅರ್ಧ ಮಾತು ಕೇಳಿಸಿಕೊಂಡು ಉಳಿದರ್ಧಕ್ಕೆ ಉತ್ತರ ಕೊಡುವವಳು.

ಸಮಾಚಾರ ಏನೆಂದರೆ, ಹತ್ತು ವರ್ಷ ಹೆಗಲ ಮೇಲೆ ಕಂಬಳಿ ಹೊತ್ತು ಮಾರಿ, ಆಮೇಲೆ ಐದು ವರ್ಷ ಇನ್ನೊಬ್ಬರ ಕೈಕೆಳಗೆ ಮೇಸ್ತ್ರಿಯಾಗಿ ಆಳುಗಳ ಹಾಜರಿ ಹಾಕಿದ ನಿನ್ನ ತಮ್ಮ ಈಗ ಸ್ವಂತ ಕಂಟ್ರಾಕ್ಟರ್. ರಬ್ಬರ್ ಸೀಲು ಮಾಡಿಸಿದ್ದೇನೆ. ಸೀಲಿನಲ್ಲಿ ನನ್ನ ಹೆಸರು ನನಗಿಂತ ಗಂಭೀರವಾಗಿ ಕಾಣುತ್ತದೆ.

ಕೆಲಸ ‘ಇಂಧನ ತೋಪು ಯೋಜನೆ’ಯದು. ಊರೂರ ಒಲೆಗಳಿಗೆ ಸೌದೆ ಸಾಲುತ್ತಿಲ್ಲ, ಕರೆಂಟಿನ ಹಾಗೆ ಸೌದೆಯೂ ಒಂದು ಶಕ್ತಿ, ಆದ್ದರಿಂದ ಬೀಳು ಬಿದ್ದ ಜಮೀನಿನಲ್ಲಿ ಸೌದೆ ಮರ ಬೆಳೆಸಿ ಎಂದು ಸಮುದ್ರದಾಚೆಯ ಒಂದು ಬ್ಯಾಂಕು ಸರ್ಕಾರಕ್ಕೆ ಸಾಲ ಕೊಟ್ಟಿದೆ. ಶಿರಾದ ಬ್ಯಾಂಕಿನಂತೆ ಕಿಟಕಿ, ಚಲನ್ನು, ಪಾಸ್‌ಬುಕ್ಕು ಅದಕ್ಕಿಲ್ಲ. ಅದರ ಗಿರಾಕಿಗಳೆಲ್ಲ ಸರ್ಕಾರಗಳೇ. ಅಂಥ ಗಿರಾಕಿಗಳನ್ನು ನಂಬಿ ಅಂಗಡಿ ತೆರೆದವರ ಎದೆಗಾರಿಕೆಗೆ ನಾನು ತಲೆಬಾಗುತ್ತೇನೆ.

ಕೊರಟಗೆರೆಯ ನರ್ಸರಿಯಲ್ಲಿ ನೀಲಗಿರಿ ಸಸಿಗಳು ಸಿದ್ಧವಾಗಿವೆ. ಮಳೆ ಹಿಡಿಯುವುದರೊಳಗೆ ಗುಂಡಿ ಆಗಬೇಕು. ಶಿರಾ ತಾಲ್ಲೂಕಿನಲ್ಲಿ ಆರಿಸಿರುವ ಜಾಗಗಳ ಪೈಕಿ ನಮ್ಮ ಹಟ್ಟಿಯ ಹುಲ್ಲುಗಾವಲು, ಕರಿಕಲ್ಲು ಕಾವಲೂ ಒಂದು. ಗಾಬರಿಯಾಗಬೇಡ. ಆರುನೂರು ಎಕರೆಯಲ್ಲಿ ಮೂಡಲ ಕಡೆಯ ಮುನ್ನೂರು ಮಾತ್ರ. ಸರ್ವೆ ಮಾಡಿ ಬೀಳು ಎಂದು ತೀರ್ಮಾನಿಸಿದವರು ಅರಣ್ಯ ಇಲಾಖೆಯ ಕಚೇರಿಯವರು. ನಾನು ಬಂದದ್ದು ಆಮೇಲೆ, ಗುಂಡಿ ತೋಡಿಸುವುದಕ್ಕೆ. ಹಟ್ಟಿಯ ಹೆಂಗಸರಿಗೆ ಎರಡು ತಿಂಗಳ ಕೂಲಿ ಖಾತ್ರಿ. ಪಕ್ಕದ ಮನೆಯ ಪುಟ್ಟಕ್ಕನಿಗೂ ಹೇಳು.

ನಿನ್ನ ತಮ್ಮ,
ಮೂಡಲಗಿರಿಯಪ್ಪ, ಕಂಟ್ರಾಕ್ಟರ್


ಕರಿಕಲ್ಲುಹಟ್ಟಿ, ಕಳ್ಳಂಬೆಳ್ಳ ಅಂಚೆ
9-5-1983

ತಮ್ಮ ಮೂಡ್ಲಗಿರಿ,

ಮೇಷ್ಟ್ರು ಗ್ರಂಥದ ಮಾತಲ್ಲಿ ಬರೀತೀನಿ ಕಣಮ್ಮ ಅಂದ್ರು. ಬ್ಯಾಡ ಸ್ವಾಮಿ, ಗ್ರಂಥದ ಮಾತು ಅವನತ್ರನೇ ಬೇಕಾದಷ್ಟೈತೆ, ನಾನು ಆಡ್ದಂಗೇ ಬರೀರಿ ಅಂದೆ. ಅವರು ಬ್ಯಾರೆ ಜಾತಿಯೋರು, ಹಟ್ಟಿ ಬೇಲಿ ದಾಟೋ ಹಂಗಿಲ್ಲ, ನಿಂಗೆ ಗೊತ್ತಲ್ಲ ನಮ್ಮೋರ ಕಟ್ಲೆ. ಅದ್ಕೆ ನಾನೇ ಇಸ್ಕೂಲ್ ಜಗಲಿಗೆ ಬಂದು ಕುಂತಿವ್ನಿ.

ನೀನು ಕಂಟ್ರಾಕ್ಟರ್ ಆದದ್ದು ಒಳ್ಳೇದೇ ಆಯ್ತು. ಆದ್ರೆ ಮೂಡ್ಲು ಮಗ್ಗುಲು ಬೀಳಲ್ಲ ಕಣ್ಲಾ. ಮಳೆ ಬಿದ್ದ ಹದಿನೈದು ದಿನಕ್ಕೆ ಅಲ್ಲಿ ಹುಲ್ಲು ಮೊಣಕಾಲುದ್ದ. ಮಳೆಗಾಲಕ್ಕೆ ಮೂಡ್ಲು, ಚಳಿಗಾಲಕ್ಕೆ ಪಡುವ್ಲು, ಸಂಕ್ರಾಂತಿ ಕಳುದ್ರೆ ಮದ್ದೂರು ಸೀಮೆ ಗದ್ದೆ ಬಯಲು. ಅಪ್ಪನ ಕಾಲದಿಂದ ಮಂದೆ ತಿರುಗೋದೇ ಇಂಗೆ. ನಿಂಗೆ ನಾನು ಹೇಳ್ಬೇಕಾ? ಕಂಬಳಿ ಹೊರೋಕೆ ಮುಂಚೆ ನೀನೂ ಮಂದೆ ಹಿಂದೆ ನಡ್ದವನೇ ಅಲ್ವ.

ನಿಮ್ಮ ಭಾವ ಈಗ್ಲೂ ಮದ್ದೂರು ಕಡೆನೇ ಔರೆ. ಗದ್ದೇಲಿ ಮಂದೆ ಕೂರ್ಸಿ, ಗೊಬ್ಬರಕ್ಕೆ ಬದ್ಲು ಭತ್ತ ಇಸ್ಕೊಂಡು, ರೋಹಿಣಿ ಮಳೆಗೆ ವಾಪಸ್ಸು. ಈಗ ಹಟ್ಟೀಲಿರೋರು ಹೆಂಗಸ್ರು, ಮುದುಕ್ರು ಅಷ್ಟೇಯ. ಗುಂಡಿ ತೋಡೋಕೆ ಪುಟ್ಟಕ್ಕನೂ ಹೋಗ್ತಾವ್ಳೆ, ನಾನೂ ನಾಕು ದಿನ ಹೋಗಿದ್ದೆ. ಕೂಲಿ ಬ್ಯಾಡ ಅನ್ನೋಕಾಯ್ತದಾ.

ಕಾವಲು ಖಾಲಿ ಐತೆ ಅಂತ ಬರ್ದೋರು ಯಾರು? ವಿಚಾರ್ಸಿ ತಿಳ್ಸು.

ಜುಂಜಮ್ಮ


ಮಧುಗಿರಿ
2-6-1983

ಅಕ್ಕ,

ನಿನ್ನ ಪತ್ರ ಬಡವನಹಳ್ಳಿಯ ಕೆಲಸದ ಜಾಗದಲ್ಲಿ ಕೈಸೇರಿತು. ಬಿಸಿಲಿನಲ್ಲಿ ನಿಂತೇ ಓದಿದೆ.

ಯಾರು ಬರೆದರು ಎಂದು ಕೇಳಿದ್ದೀಯೆ. ಕಚೇರಿಯ ಫಾರಮ್ಮನ್ನು ನೋಡಿದ್ದೇನೆ. ಅದರಲ್ಲಿ ಊರು, ಎಕರೆ, ಮಣ್ಣಿನ ಬಣ್ಣ, ‘ಮೇಯುವ ಜಾನುವಾರು’ ಎಂದು ಕಲಮುಗಳಿವೆ. ಕರಿಕಲ್ಲು ಕಾವಲಿನ ಎದುರು ಕುರಿ ಸೊನ್ನೆ, ಮೇಕೆ ಸೊನ್ನೆ. ಸೊನ್ನೆ ಹೇಗೆ ಬಂತೆಂದು ಬರೆಯುವುದಕ್ಕೆ ಆ ಫಾರಮ್ಮಿನಲ್ಲಿ ಜಾಗವಿಲ್ಲ. ಸರ್ವೆ ನಡೆದದ್ದು ಫೆಬ್ರವರಿಯಲ್ಲಿ. ಆಗ ಮಂದೆ ಇರುವುದಿಲ್ಲ. ಇಷ್ಟೇ ಇದರ ಕಥೆ.

ಮೂರೇ ವರ್ಷ ತಡೆದುಕೊಳ್ಳಿ. ಮರ ಎತ್ತರವಾದ ಮೇಲೆ ಕುರಿ ಬಿಡಲು ಅಡ್ಡಿಯಿಲ್ಲ ಎಂದು ಕಚೇರಿಯ ಬಸವಲಿಂಗಯ್ಯ ಸಾಹೇಬರು ನನ್ನೆದುರಿಗೇ ಹೇಳಿದ್ದಾರೆ. ಉದುರಿದ ಕಡ್ಡಿ ಹಟ್ಟಿಯ ಒಲೆಗೆ. ಭಾವ ಬಂದಾಗ ಮಂದೆಯನ್ನು ಪಡುವಲ ದಾರಿಯಲ್ಲೇ ತರಲಿ. ಮೂಡಲಕ್ಕೆ ವಾಚರ್ ಹಾಕಿದ್ದಾರೆ. ಬಿಸಿರಕ್ತದ ಹುಡುಗ, ಮಾತಿಗೆ ಮುಂಚೆ ಕೋಲು.

ಮೂಡಲಗಿರಿಯಪ್ಪ


ಕರಿಕಲ್ಲುಹಟ್ಟಿ
20-7-1983

ಮೂಡ್ಲಗಿರಿ,

ಮಂದೆ ಬಂತು. ಮೂಡ್ಲಿಗೆ ಹೋಗ್ಬ್ಯಾಡಿ ಅಂತ ನಾವೇನೋ ಹೇಳ್ದೋ. ಕುರಿಗೆ ಯಾರು ಹೇಳೋದು? ಐದು ತಿಂಗ್ಳು ಕಂಡೋರ ಗದ್ದೇಲಿ ನಿಂತು ಬಂದವೆ, ಮೂಡ್ಲು ಹುಲ್ಲಿನ ವಾಸ್ನೆ ಹೊಡೀತಿದ್ದಂಗೆ ಓಡಿದ್ವು. ತೋಪಿನ ಸುತ್ತ ತೋಡಿರೋ ಟ್ರೆಂಚಿಗೆ ಬಿದ್ದು ಒಂದು ಕುರಿ ಕಾಲು ಮುರ್ಕೊಂತು. ಉಳಿದವನ್ನ ವಾಚರ್ ಕಳ್ಳಂಬೆಳ್ಳದ ದೊಡ್ಡಿಗೆ ಹೊಡ್ಕೊಂಡು ಹೋದ. ಬುಡಿಸ್ಕೊಂಡು ಬರೋಕೆ ನಿಮ್ಮ ಭಾವ ಎಲ್ರ ಕಾಲೂ ಹಿಡಿದ್ರು.

ಮನೇಗ್ ಬಂದೋರು ಕೇಳಿದ್ರು, ‘ಲೇ ಜುಂಜಿ, ನಿನ್ ತಮ್ಮ ತೋಡ್ಸಿದ ಗುಂಡಿನಾ ಅವು?’ ಅಂತ. ನಾನು, ಗುಂಡಿ ಅವನ್ದು, ಟ್ರೆಂಚು ಬ್ಯಾರೆಯೋರ್ದು ಅಂದೆ. ನಿಜ ತಾನೆ?

ಇನ್ನೊಂದು. ನಿನ್ನ ನೀಲಗಿರಿ ಸೊಪ್ಪನ್ನ ಮೇಕೆ ಮುಂದೆ ಹಿಡುದ್ವಿ. ಮೂಸಿ, ಸೀನಿ, ಮುಖ ತಿರುಗಿಸ್ಕೊಂಡ್ವು. ಕಳ್ಳಿ ತಿನ್ನೋ ಮೇಕೆ ಕಣ್ಲಾ ಅವು.

ಜುಂಜಮ್ಮ


ಕರಿಕಲ್ಲುಹಟ್ಟಿ
30-8-1984

ಮೂಡ್ಲಗಿರಿ,

ವರ್ಷದ ಮ್ಯಾಲಾಯ್ತು, ನಿನ್ನ ಕಾಗದ ಇಲ್ಲ. ಮಾರಮ್ಮನ ಪೂಜೆಗೂ ಬರ್ಲಿಲ್ಲ. ಪಾವಗಡದ ಕಡೆ ಅವ್ನೆ ಅಂತ ಬಸ್ಸಿನ ಕಂಡಕ್ಟರ್ ಹೇಳ್ದ.

ಮೂಡ್ಲಲ್ಲಿ ಮರದ ಬುಡಕ್ಕೆ ಹುಲ್ಲು ಹುಟ್ತಾ ಇಲ್ಲ. ಎಲ್ಲಾ ಮಂದೆನೂ ಪಡುವ್ಲಿಗೇ ಬಿದ್ದವೆ. ಪಡುವ್ಲೂ ಹೋದ್ರೆ ಹಟ್ಟಿ ಕೀಳ್ಬೇಕಾಯ್ತದೆ. ಅಷ್ಟೇ ಸಮಾಚಾರ. ಮೈ ಹುಷಾರು.

ಜುಂಜಮ್ಮ


ಮಧುಗಿರಿ
4-1-1985

ಅಕ್ಕ,

ಬರೆಯದೆ ಇದ್ದದ್ದಕ್ಕೆ ಕೆಲಸ ಕಾರಣ ಎಂದರೆ ನೀನು ನಂಬುವುದಿಲ್ಲ. ಅರ್ಧ ನಿಜ. ವೈ.ಎನ್. ಹೊಸಕೋಟೆಯ ಸುತ್ತ ಹದಿಮೂರು ತಿಂಗಳು ಗುಂಡಿ ತೋಡಿಸಿದೆ. ಅಲ್ಲೊಬ್ಬ ಮುದುಕ ದಿನವೂ ಟ್ರೆಂಚಿನ ಅಂಚಿನಲ್ಲಿ ಕೂತು ಕೇಳುತ್ತಿದ್ದ, ‘ಗೊರ್ರೆಲು ಎಕ್ಕಡಿಕಿ ಪೋವಾಲಪ್ಪಾ?’ ಕುರಿಗಳು ಎಲ್ಲಿಗೆ ಹೋಗಬೇಕಪ್ಪ ಎಂದು. ನನಗೆ ತೆಲುಗು ಬರುವುದಿಲ್ಲ ಎಂದು ತೆಲುಗಿನಲ್ಲೇ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಈಗ ವಿಷಯ. ಸಾಲ ಕೊಟ್ಟ ಬ್ಯಾಂಕಿನ ದೊರೆಯೊಬ್ಬರು ತೋಪು ನೋಡಲು ಬರುತ್ತಿದ್ದಾರೆ. ಫೆಬ್ರವರಿ 11, ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಕರಿಕಲ್ಲು ಕಾವಲು. ಹಟ್ಟಿಯ ಹೆಂಗಸರು ಸೌದೆ ಹೊರೆ ಹೊತ್ತು ನಗುತ್ತ ನಡೆದುಬರಬೇಕಂತೆ. ಹೊರೆಗಳನ್ನು ಕಚೇರಿಯೇ ಲಾರಿಯಲ್ಲಿ ಕಳಿಸುತ್ತದೆ. ಆ ದಿನ ಕಾವಲಿನಲ್ಲಿ ಒಂದು ಕುರಿಯೂ ಕಾಣಕೂಡದು ಎಂದು ಸಾಹೇಬರ ಆಸೆ. ‘ಚಿಂತೆ ಬಿಡಿ ಸ್ವಾಮಿ, ಸಂಕ್ರಾಂತಿ ಕಳೆದರೆ ಮಂದೆ ಮದ್ದೂರು ಸೇರಿರುತ್ತದೆ’ ಎಂದು ನಾನು ಹೇಳಿದ್ದೇನೆ. ಭಾವನಿಗೂ ತಿಳಿಸು.

ಮೂಡಲಗಿರಿಯಪ್ಪ


ಮಧುಗಿರಿ
14-2-1985

ಅಕ್ಕ,

ಇದನ್ನು ಮೇಷ್ಟ್ರು ಓದುವಾಗ ಭಾವ ಪಕ್ಕದಲ್ಲಿದ್ದರೆ ದೂರ ಕಳಿಸು.

ಸೋಮವಾರ ನಮ್ಮ ಮೂರು ಜೀಪು ದಿಣ್ಣೆ ಹತ್ತಿದವು. ಪಡುವಲ ಕಾವಲಿನ ಉದ್ದಕ್ಕೂ ಕುರಿ! ಹಟ್ಟಿಯ ಮೂವತ್ತೊಂದು ಮನೆಗಳ ಮಂದೆಯೂ ಸಾಲಾಗಿ ನಿಂತಿದೆ. ಮುಂದೆ ಭಾವ, ಹೊಸ ಕಂಬಳಿ ಹೊದ್ದು, ಮದುವೆಯಲ್ಲಿ ಬೀಗರನ್ನು ಎದುರುಗೊಳ್ಳುವವರ ಹಾಗೆ. ಬಸವಲಿಂಗಯ್ಯನವರು ನನ್ನ ಕಡೆ ತಿರುಗಿ, ‘ಏನಯ್ಯ ಇದು?’ ಎಂದರು. 

ದೊರೆ ಒಳ್ಳೆಯ ಮನುಷ್ಯ. ಟೋಪಿ ತೆಗೆದು ಭಾವನಿಗೆ ಕೈಮುಗಿದ. ಫೈಲು ಬಿಚ್ಚಿ ಎರಡು ವರ್ಷದ ಹಿಂದೆ ಇಲ್ಲಿ ಕುರಿ ಎಷ್ಟಿದ್ದವು ಎಂದು ನೋಡಿದ. ಸೊನ್ನೆ. ಕಣ್ಣೆತ್ತಿ ಮಂದೆ ನೋಡಿದ. ಮತ್ತೆ ಫೈಲು ನೋಡಿದ. ಮುಖ ಅರಳಿತು. ಒಂದು ಮರಿ ಎತ್ತಿಕೊಂಡು ಫೋಟೋ ತೆಗೆಸಿಕೊಂಡ. ಭಾವ ನನ್ನ ಕಿವಿಯಲ್ಲಿ, ‘ಏನಂತಾನ್ಲಾ ಅವ್ನು? ಕಾವಲು ನಮ್ದು ಅಂತ ತಿಳೀತಾ?’ ಎಂದರು. ನಾನು, ‘ಕುರಿ ಚೆನ್ನಾಗವೆ ಅಂತಾನೆ ಭಾವ’ ಎಂದೆ. ಭಾವ ಎಷ್ಟು ಸಂತೋಷಪಟ್ಟರು ಎಂದರೆ, ಇನ್ನೊಂದು ಮರಿಯನ್ನೂ ತಂದು ಅವನ ಕೈಗಿತ್ತರು.

ಅವನು ನಿಜವಾಗಿ ಹೇಳಿದ್ದು ಇದು. ಒಂದೂ ಕುರಿ ಇಲ್ಲದಿದ್ದ ಬೀಳಿನಲ್ಲಿ ತೋಪು ಬಂದ ಎರಡೇ ವರ್ಷಕ್ಕೆ ಎರಡು ಸಾವಿರ ಕುರಿ. ಯೋಜನೆಯಿಂದ ಹುಲ್ಲು ಹೆಚ್ಚಿದೆ, ಜನ ಕುರಿ ಕೊಂಡಿದ್ದಾರೆ. ಇಂಥ ಫಲ ತಾನು ಬೇರೆಲ್ಲೂ ನೋಡಿಲ್ಲ. ಆದ್ದರಿಂದ ಕಾವಲಿನ ಉಳಿದರ್ಧಕ್ಕೂ ತೋಪನ್ನು ವಿಸ್ತರಿಸಬೇಕು.

ಕಚೇರಿಯಲ್ಲಿ ಸಿಹಿ ಹಂಚಿದರು. ನನ್ನನ್ನು ಬೈಯಲು ಕರೆಸಿದ್ದ ಸಾಹೇಬರು ಬೆನ್ನು ತಟ್ಟಿ, ‘ಭಲೇ, ಕುರಿ ತಂದು ನಿಲ್ಸೋ ಐಡಿಯಾ ನಿಂದೇನೋ?’ ಎಂದರು. ಪಡುವಲ ಮುನ್ನೂರು ಎಕರೆಯ ಗುಂಡಿಯೂ ನನಗೇ. ಜೂನ್‌ನಲ್ಲಿ ಶುರು.

ಮಂದೆ ಹೊರಡದಂತೆ ತಡೆದವರು ಯಾರು ಅಕ್ಕ? ಅವರಿಗೆ ಇಂಥದ್ದೊಂದು ಆಗುತ್ತದೆ ಎಂದು ಹೇಗೆ ಗೊತ್ತಾಗಬೇಕು. ನನಗೇ ಗೊತ್ತಾಗಲಿಲ್ಲ.

ಮೂಡಲಗಿರಿಯಪ್ಪ


ಕರಿಕಲ್ಲುಹಟ್ಟಿ
3-3-1985

ಮೂಡ್ಲಗಿರಿ,

ತಡುದವನು ನೀನೇ ಅಂತ ತಿಳ್ಕಂಡಿದ್ವಲ್ಲೋ. ತಾರೀಕು, ವಾರ, ಗಂಟೆ ಎಲ್ಲಾ ಬರ್ದಿದ್ದೆ. ಒಂದು ಕುರಿನೂ ಕಾಣ್ಬಾರ್ದಂತೆ ಅಂತ ಬರ್ದಿದ್ದೆ. ನಿಮ್ಮ ಭಾವ ಕೇಳಿಸ್ಕಂಡು, ‘ನೋಡ್ದಾ ಜುಂಜಿ, ಕಚೇರಿಯೋರ ಕಣ್ತಪ್ಪಿಸಿ ಹುಡ್ಗ ಹೇಳಿ ಕಳುಸವ್ನೆ. ಕುರಿ ಕಂಡ್ರೆ ಕಾವಲು ಉಳೀತದೆ ಅಂತ ಇದರ ಮತ್ಲಬು’ ಅಂದ್ರು. ಗಂಟು ಮೂಟೆ ಕಟ್ಟಿ ಹೊರಟು ನಿಂತಿದ್ದ ಮಂದೆನ ನಿಲ್ಸುದ್ವಿ. ನಿನ್ನ ಮನಸ್ನಾಗೆ ಅಂಗಿರ್ಲಿಲ್ವಾ?

ಮದ್ದೂರು ಗೌಡ್ರು ನಾವು ಬರ್ನಿಲ್ಲ ಅಂತ ಬ್ಯಾರೆ ಮಂದೆ ಕರ್ಕಂಡ್ರು. ಈ ವರ್ಷ ಭತ್ತ ಇಲ್ಲ. ಕೆರೆ ಅಂಗಳದ ಜಾಲಿಕಾಯಿ ಬಡ್ಕಂಡು ತಿನ್ನುಸ್ತಾ ಇವ್ವಿ. ಮರಿಗಳು ನಿಲ್ತಾ ಇಲ್ಲ. ಎಷ್ಟು ಹೋದ್ವು ಅಂತ ಹೇಳಲ್ಲ.

ಈಗ ನಂದೂ ಒಂದು ಮಾತೈತೆ. ಎರಡು ವರ್ಷದಿಂದ ಹೊಟ್ಟೇಲಿ ಇಟ್ಕಂಡಿವ್ನಿ. ಆವತ್ತು ಸರ್ವೆಯೋರ ಜೀಪು ಬಂದಾಗ ಬೇಲಿ ಹತ್ರ ಇದ್ದೋಳು ನಾನೇ. ಬುಕ್ಕು ಹಿಡ್ಕಂಡಿದ್ದೋನು, ‘ಏನಮ್ಮ, ಕುರಿ ಎಷ್ಟವೆ?’ ಅಂದ. ನಡೆಯೋ ಮಂದೆನ ಎಣಿಸಿ ಬಾಯ್ಬುಟ್ಟು ಹೇಳಿದ್ರೆ ಮಂದೆ ಕರಗ್ತದೆ, ಹಟ್ಟಿ ಹೆಂಗ್ಸು ಯಾರೂ ಹೇಳಲ್ಲ. ‘ಒಂದೂ ಇಲ್ಲ ಸ್ವಾಮಿ’ ಅಂದ್ಬುಟ್ಟೆ. ಅವ್ವ ಇದ್ದಿದ್ರೂ ಅದನ್ನೇ ಅಂತಿದ್ಲು. ಅವನು ಅದನ್ನೇ ಬರ್ಕಂಡ. ಅಂಗೆ ಬರ್ಕಂತಾರೆ ಅಂತ ನಂಗೇನು ಗೊತ್ತು? ಸೊನ್ನೆ ನನ್ ಬಾಯಿಂದ ಬಂತು ಕಣಪ್ಪ. ನಿಮ್ಮ ಭಾವಂಗೆ ಇದು ಗೊತ್ತಿಲ್ಲ.

ಜೀಪಿನ ಹಿಂದ್ಗಡೆ ಒಬ್ಬ ಟವಲ್ ಹೊದ್ಕಂಡು ಆ ಕಡೆ ಮುಖ ಮಾಡ್ಕಂಡು ಕುಂತಿದ್ದ. ಅದು ನೀನೇ ಅಂತ ಪುಟ್ಟಕ್ಕ ಹಟ ಹಿಡುದವ್ಳೆ. ಅಲ್ಲ ಅಂದೆ. ನನ್ ತಮ್ಮ ಹಟ್ಟಿಗಂಟ ಬಂದು ನನ್ನ ಮಾತಾಡುಸ್ದೆ ಹೋಗ್ತಾನಾ ಅಂದೆ.

ಜುಂಜಮ್ಮ


ಮಧುಗಿರಿ
15-3-1985

ಅಕ್ಕ,

ಪುಟ್ಟಕ್ಕನ ಕಣ್ಣು ಚೆನ್ನಾಗಿವೆ.

ನೀನು ‘ಒಂದೂ ಇಲ್ಲ’ ಎಂದಾಗ ಬುಕ್ಕು ಹಿಡಿದವನು ಬರೆಯಲಿಲ್ಲ. ಅವನಿಗೂ ಅನುಮಾನ ಬಂದಿತ್ತು. ಕುರಿ ಕೂಡುವ ರೊಪ್ಪದ ಸುತ್ತ ಹಿಕ್ಕೆ ಬಿದ್ದಿತ್ತು, ಗಾಳಿಯಲ್ಲಿ ಮಂದೆಯ ವಾಸನೆ ಇತ್ತು. ಡ್ರೈವರ್ ಮಾತ್ರ ‘ಬಿಲ್ಕುಲ್ ಖಾಲಿ ಸಾರ್’ ಎಂದ, ಅವನಿಗೆ ಊಟದ ಹೊತ್ತಾಗಿತ್ತು. ಬುಕ್ಕಿನವನು ಹಿಂದೆ ತಿರುಗಿ ನನ್ನನ್ನು ಕೇಳಿದ: ‘ನೀನು ಈ ಕಡೆಯೋನಲ್ವೇನಯ್ಯ? ಆಯಮ್ಮ ಹೇಳಿದ್ದು ಸರಿನಾ?’

ಮಂದೆ ಮದ್ದೂರಿಗೆ ಹೋಗಿದೆ, ಜೂನ್‌ಗೆ ಬರುತ್ತದೆ ಎಂದಿದ್ದರೆ ಮುಗಿಯುತ್ತಿತ್ತು. ಒಂದೇ ಉಸಿರಿನ ಮಾತು. ನಾನು, ‘ಬರ್ಕೊಳಿ ಸ್ವಾಮಿ’ ಎಂದೆ.

ಕಳ್ಳಂಬೆಳ್ಳದ ಕಡೆ ತಕರಾರಿಲ್ಲದ ಜಮೀನು ತೋರಿಸಿದರೆ ಸ್ವಂತ ಕಂಟ್ರಾಕ್ಟು ಎಂದು ಬಸವಲಿಂಗಯ್ಯನವರು ಹಿಂದಿನ ದಿನ ಹೇಳಿದ್ದರು. ನೀನು ಹೇಳಿದ್ದು ಕಟ್ಟಳೆ, ನಾನು ಹೇಳಿದ್ದು ವ್ಯಾಪಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿಕೊಂಡು ಕೊರಗಬೇಡ. ಜನವರಿಯ ಪತ್ರದಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದ್ದೀಯೆ. ಹತ್ತು ಸಲ ಕೇಳಿಕೊಂಡೆ. ಅಷ್ಟು ವಿವರವಾಗಿ ತಾರೀಕು ಗಂಟೆ ಬರೆಯುವ ಅಗತ್ಯವಿರಲಿಲ್ಲ. ಇದಕ್ಕಿಂತ ಹೆಚ್ಚಿಗೆ ಹೇಳಿದರೆ ನನ್ನನ್ನು ನಾನೇ ಹೊಗಳಿಕೊಂಡ ಹಾಗೆ.

ಪಡುವಲನ್ನು ಉಳಿಸಲು ಒಂದೇ ದಾರಿ ಇದೆ. ಮೊದಲಿನ ಸೊನ್ನೆ ಸುಳ್ಳು, ಹೇಳಿದವನು ನಾನು ಎಂದು ಬರೆದು ಸಹಿ ಹಾಕುತ್ತೇನೆ. ಆದರೆ ಸೊನ್ನೆ ತೆಗೆದ ಜಾಗದಲ್ಲಿ ಇನ್ನೊಂದು ಅಂಕಿ ಇಡದಿದ್ದರೆ ಕಚೇರಿ ಒಪ್ಪುವುದಿಲ್ಲ. ‘ತುಂಬಾ ಅವೆ’ ಎಂದರೆ ಅವರಿಗೆ ಅರ್ಥವಾಗದು. ಮನೆಮನೆಯ ಲೆಕ್ಕ ಬೇಕು, ಹೆಬ್ಬೆಟ್ಟು ಬೇಕು, ಇದೇ ಕುರಿಗಳು ತಲೆತಲಾಂತರದಿಂದ ಇಲ್ಲೇ ಮೇಯುತ್ತಿವೆ ಎಂಬ ಹೇಳಿಕೆ ಬೇಕು. ಎಣಿಸಿ ಎಂದು ಕೇಳುವ ಮುಖ ನನಗಿಲ್ಲ. ಕೇಳುತ್ತಿದ್ದೇನೆ.

ಮೂಡಲಗಿರಿ


ಕರಿಕಲ್ಲುಹಟ್ಟಿ
10-4-1985

ಮೂಡ್ಲಗಿರಿ,

ನಿನ್ನ ಕಾಗದನ ಹಟ್ಟಿ ಮುಂದೆ ಓದುಸ್ದೆ. ಪೂರ್ತಿ. ನಂದೂ ಹೇಳ್ಕಂಡೆ. ನಿಮ್ಮ ಭಾವ ಎದ್ದು ಹೋಗಿ ಎರಡು ದಿನ ರೊಪ್ಪದಾಗೇ ಮಲಗಿದ್ರು. ಪುಟ್ಟಕ್ಕ ಮಾತ್ರ ‘ನಾನ್ ಹೇಳ್ನಿಲ್ವಾ’ ಅಂತ ಮನೆಮನೆಗೂ ಹೋಗಿ ಬಂದ್ಲು.

ಎಣಿಸೋದು ಅಂದ್ಕೂಡ್ಲೇ ಗದ್ಲ ಎದ್ದೋಯ್ತು. ಕದಿರಯ್ಯ, ‘ಕಾವಲು ಹೋದ್ರೂ ಸೈ, ಎಣಿಸಿ ಕಾವಲು ಉಳಿಸ್ಕಂಡು ಮಂದೆ ಕಳ್ಕಳ್ಳೋದ್ಯಾಕೆ?’ ಅಂದ. ಕಾಟಪ್ಪಜ್ಜ, ನಮ್ ಪೂಜಾರಿ, ಎಲ್ಲಾ ಕೇಳಿಸ್ಕಂಡು, ‘ಕುರಿ ಎಣಿಸ್ಬ್ಯಾಡಿ ಕಣ್ರಲಾ. ಕುರಿ ದಾಟ್ಲಿ. ಒಂದು ದಾಟಿದ್ರೆ ಒಂದು ಹುಣಸೆಬೀಜ ಪುಟ್ಟಿಗೆ ಹಾಕಿ. ಬೀಜ ಎಣಿಸ್ಬ್ಯಾಡಿ ಅಂತ ಯಾವ ದೇವ್ರೂ ಹೇಳಿಲ್ಲ’ ಅಂದ. ಬೀಜನ ಎಣಿಸೋರು ಯಾರು? ಅದನ್ನೂ ಹಟ್ಟಿಯೋರು ಎಣಿಸ್ಬಾರ್ದು ಅಂತ ತೀರ್ಮಾನ ಆಯ್ತು. ಮೇಷ್ಟ್ರಿಗೆ ಕಳುಸುದ್ವಿ.

ಬೆಳಗಿಂದ ಹೊತ್ತು ಮುಳುಗೋಗಂಟ ರೊಪ್ಪದ ಬಾಗ್ಲಲ್ಲಿ ನಾನೇ ಕುಂತು ಹಾಕ್ದೆ. ಒಂದೊಂದು ಮನೇದು ಒಂದೊಂದು ಪುಟ್ಟಿ. ಮರಿ ದಾಟ್ದಾಗ್ಲೂ ಹಾಕ್ದೆ. ಎಷ್ಟಾಯ್ತು ಅಂತ ಮೇಷ್ಟ್ರು ನಂಗೆ ಹೇಳಿಲ್ಲ. ನೀನೂ ಹೇಳ್ಬ್ಯಾಡ.

ಜುಂಜಮ್ಮ

ಇದರ ಕೆಳಗೆ ನಾನು, ಗಂಗಾಧರಯ್ಯ, ನನ್ನ ಮಾತು ಸೇರಿಸುತ್ತಿದ್ದೇನೆ. ಮೂವತ್ತೊಂದು ಪುಟ್ಟಿಗಳನ್ನು ಬೇಲಿಯಿಂದಾಚೆಗೆ ಹೊತ್ತು ತಂದು ಶಾಲೆಯ ಜಗಲಿಯಲ್ಲಿ ಇಟ್ಟರು. ಎರಡು ಸಲ ಎಣಿಸಿದೆ. ಒಟ್ಟು 2,316. ಹೆಬ್ಬೆಟ್ಟಿನ ಪಟ್ಟಿ ಲಗತ್ತಿಸಿದೆ. ಬೇಲಿಯ ಹೊರಗೆ ನಿಂತವನು ಎಣಿಸಿದರೆ ದೋಷ ತಟ್ಟುವುದಿಲ್ಲವಂತೆ. ನಮ್ಮನ್ನು ಹೊರಗೆ ನಿಲ್ಲಿಸಿದ್ದಕ್ಕೆ ಇಷ್ಟು ದಿನಕ್ಕೆ ಹಟ್ಟಿಗೊಂದು ಉಪಯೋಗವಾಯಿತು.


ಮಧುಗಿರಿ
6-6-1985

ಅಕ್ಕ,

ಪಟ್ಟಿ ಮತ್ತು ನನ್ನ ಹೇಳಿಕೆಯನ್ನು ಶಿರಾ ಕೋರ್ಟಿನ ಮುಂದೆ ಟೈಪು ಹೊಡೆಯುವ ಚನ್ನಮಲ್ಲಯ್ಯನಿಂದ ಇಂಗ್ಲಿಷಿನಲ್ಲಿ ಮಾಡಿಸಿದೆ. ಮೂರು ಪ್ರತಿ. ಒಂದನ್ನು ದೊರೆ ಕೊಟ್ಟುಹೋಗಿದ್ದ ಕಾರ್ಡಿನ ವಿಳಾಸಕ್ಕೆ ನೇರವಾಗಿ ರಿಜಿಸ್ಟರ್ ಮಾಡಿದೆ. ಮಧುಗಿರಿಯ ಅಂಚೆಯವರು ಆ ದೇಶಕ್ಕೆ ಸ್ಟಾಂಪು ಎಷ್ಟು ಎಂದು ಪುಸ್ತಕ ಹುಡುಕಲು ಅರ್ಧ ದಿನ ತೆಗೆದುಕೊಂಡರು. ಒಂದನ್ನು ನನ್ನ ಹತ್ತಿರವೇ ಉಳಿಸಿಕೊಂಡು, ಇನ್ನೊಂದನ್ನು ಬಸವಲಿಂಗಯ್ಯನವರ ಮೇಜಿನ ಮೇಲೆ ನಾನೇ ಇಟ್ಟೆ.

ಓದಿದರು. ಕನ್ನಡಕ ತೆಗೆದರು.

‘ನಿನ್ ಸೊನ್ನೆ ಮೇಲೆ ಎರಡು ವರ್ಷದ ವರದಿ ಕಟ್ಟಿದೀನಲ್ಲೋ ಮಾರಾಯ.’

‘ಕೆಡವೋಕೆ ನಂಗೂ ಬೇಜಾರೇ ಸ್ವಾಮಿ.’

‘ಪಡುವಲ ಗುಂಡಿ ನಿಂಗೇ ಕೊಟ್ಟಿದ್ದೆ.’

‘ಹೌದು ಸ್ವಾಮಿ.’

‘ಇದನ್ನ ವಾಪಸ್ ತಗೊಂಡೋಗು. ನಾನು ನೋಡೇ ಇಲ್ಲ ಅಂತಿಟ್ಕೋ.’

‘ಇನ್ನೊಂದು ಪ್ರತಿ ಸಮುದ್ರ ದಾಟ್ತಾ ಐತೆ ಸ್ವಾಮಿ. ಇದನ್ನ ನೀವು ನೋಡೇ ಇಲ್ಲ ಅಂದ್ರೆ ಅವರು ನಿಮ್ಮನ್ನೇ ಕೇಳ್ತಾರೆ.’

ಅವರು ಬೈಯಲಿಲ್ಲ.  ಕಂಟ್ರಾಕ್ಟರುಗಳ ಪಟ್ಟಿ ತರಿಸಿ ನನ್ನೆದುರಿಗೇ ನನ್ನ ಹೆಸರಿನ ಮೇಲೆ ಗೀಟು ಎಳೆದರು, ಸ್ಕೇಲು ಇಟ್ಟು, ನೀಟಾಗಿ. ಪಡುವಲ ಕೆಲಸ ‘ಮುಂದಿನ ಆದೇಶದವರೆಗೆ’ ನಿಂತಿದೆ. ಮುಂದಿನ ಆದೇಶ ಏನಿರುತ್ತದೋ ಯಾರಿಗೂ ಗೊತ್ತಿಲ್ಲ.

ನಾನು ಮತ್ತೆ ಕಂಬಳಿ ಹಿಡಿದಿದ್ದೇನೆ. ಹೆಗಲಿಗೆ ಅಭ್ಯಾಸ ತಪ್ಪಿದೆ, ನಾಲಿಗೆಗೆ ತಪ್ಪಿಲ್ಲ. ಹಟ್ಟಿಗೆ ಬರಲೇ ಎಂದು ಕೇಳುವುದಿಲ್ಲ.

ಮೂಡಲಗಿರಿ


ಕರಿಕಲ್ಲುಹಟ್ಟಿ
28-11-1985

ಮೂಡ್ಲಗಿರಿ,

ಆರ್ಡರ್ ಬಂತು. ಮೇಷ್ಟ್ರು ಮೂರು ಸಲ ಓದಿ ಹೇಳಿದ್ರು. ಪಡುವ್ಲು ಮಗ್ಗುಲು ಹಟ್ಟಿ ದನಕುರಿ ಮೇಯೋಕೇ ಬುಟ್ಟವ್ರೆ. ಮೂಡ್ಲು ಅವರ್ದೇ. ಮರ ಬಲಿತ ಮ್ಯಾಲೆ ಹರಾಜು ಹಾಕ್ತಾರಂತೆ. ನಮ್ಮ ಒಲೆಗೆ ಅಂತ ಆರ್ಡರ್‌ನಾಗೆ ಎಲ್ಲೂ ಇಲ್ಲ. ಕಡ್ಡಿ ಆಯೋಕೆ ಹೋದ್ರೆ ಈಗ್ಲೂ ವಾಚರ್ ಓಡುಸ್ತಾನೆ. ಅರ್ಧ ಉಳೀತು, ಅರ್ಧ ಹೋಯ್ತು. ಕೆಲವ್ರು ಮಂದೆ ಅರ್ಧ ಮಾರಿದ್ರು, ಮೇವು ಸಾಲಲ್ಲ ಅಂತ. ಕದಿರಯ್ಯ, ಎಣಿಸಿದ್ಕೇ ಇಂಗಾಯ್ತು ಅಂತಾನೆ. ಅನ್ಲಿ ಬುಡು.

ನಿಮ್ಮ ಭಾವ ನಿನ್ ಹೆಸರು ಎತ್ತಲ್ಲ. ನಾನೂ ಎತ್ತಿಸೋಕೆ ಹೋಗ್ಲಿಲ್ಲ. ಆದ್ರೆ ಈಗ ಹೇಳೋ ಮಾತು ಅವರೇ ಹೇಳ್ಕೊಟ್ಟಿದ್ದು, ‘ಅವನ್ಗೆ ಬರ್ಸು’ ಅಂತ ಅಂದು ಮಂದೆ ಕಡೆ ಹೋದ್ರು.

ಸಂಕ್ರಾಂತಿ ಕಳೆದ ಮೂರನೇ ದಿನ ಮಂದೆ ಮದ್ದೂರಿಗೆ ಹೊರಡ್ತದೆ. ಗೌಡ್ರು ಒಪ್ಪವ್ರೆ. ಅಲ್ಲಿಂದ ರೋಹಿಣಿ ಮಳೆಗಂಟ ಹಟ್ಟೀಲಿ ಹೆಂಗಸ್ರೇ. ಇನ್ನೊಂದು ಯೋಜ್ನೆ ಬರ್ತದೆ, ಇನ್ನೊಂದು ಜೀಪು ಬರ್ತದೆ. ಬಂದು ಕೇಳುದ್ರೆ ನಾವು ಇಲ್ಲ ಅಂತ್ಲೇ ಅನ್ನೋದು, ನಮ್ ಬಾಯಿ ತಿರುಗಲ್ಲ. ಆ ತಿಂಗ್ಳುಗಳು ನೀನು ಇಲ್ಲಿರ್ಬೇಕಂತೆ. ನಮ್ ಮನೆ ಜಗಲಿ ಖಾಲಿ ಐತೆ. ಕಂಬಳಿನ ಕಳ್ಳಂಬೆಳ್ಳ ಸಂತೇಲೇ ಮಾರ್ಕೊ.

ಜೀಪು ಬಂದ್ರೆ ಹತ್ರ ಹೋಗು. ಮಂದೆ ಮದ್ದೂರು ಕಡೆ ಹೋಗೈತೆ, ರೋಹಿಣಿ ಮಳೆಗೆ ಬತ್ತದೆ ಅನ್ನು. ಅವರು ಬರ್ಕಳ್ಳೋಗಂಟ ಅಲ್ಲೇ ನಿಂತಿರು.

ಜುಂಜಮ್ಮ